ದೊಡ್ಡ ಏಂಜಲ್‌ಗಳ ಟ್ಯಾಂಕಿಗೆ ಮರಿ ಸೇರಿಸಿದ್ದು – ನನ್ನ ಅನುಭವ

ನಮ್ಮನೆ ತೀರ್ಥಹಳ್ಳಿ ಹತ್ರ, ನಾಲ್ಕಡಿ ಟ್ಯಾಂಕು, ಸುಮಾರು 250 ಲೀಟರ್, ಒಳಗೆ ನಾಲ್ಕು ದೊಡ್ಡ ಏಂಜಲ್ ಮೀನುಗಳು, ಅದ್ರಲ್ಲಿ ಒಂದು ಗಂಡು ಒಂದು ಹೆಣ್ಣು ಜೋಡಿ ಕಟ್ಟಿವೆ. ಇದಕ್ಕೆ ಆರು ಏಂಜಲ್ ಮರಿ ಸೇರಿಸ್ತೀನಿ ಅಂದಾಗ ಮೀನು ಸಾಕೋರೆಲ್ಲ ಕೇಳಿದ್ದು ಮರಿ ಎಷ್ಟು ದೊಡ್ಡದಿದೆ ಅಂತ. ಅದೂ ಬೇಕು, ಬಾಯಿಗೆ ಹಿಡಿಸೋ ಮೀನನ್ನ ಏಂಜಲ್ ಬಿಡಲ್ಲ, ನಿಯಾನ್ ಟೆಟ್ರಾನೇ ನುಂಗತ್ತೆ. ಆದ್ರೆ ಬಾಯಿಗೆ ಹಿಡಿಸದ ಮರಿನೂ ಸಾಯತ್ತಲ್ಲ, ಅಟ್ಟಿಸ್ಕೊಂಡು ಹೋಗಿ ಮೂಲೆಗೆ ಹಾಕಿ ಊಟಕ್ಕೇ ಬಿಡ್ದೆ ಇದ್ರೆ. ಏಂಜಲ್ ಸಿಕ್ಲಿಡ್ ಅನ್ನೋ ಮೀನಿನ ಗುಂಪಿಗೆ ಸೇರಿದ್ದು, ಇದು ನನ್ನ ಜಾಗ ಅಂತ ಗುರುತು ಮಾಡ್ಕೊಂಡು ಕೂರತ್ತೆ. ಹಾಗಾಗಿ ನಾನು ಹೆಚ್ಚು ತಲೆ ಕೆಡಿಸ್ಕೊಂಡಿದ್ದು ಆ ಜಾಗದ ಬಗ್ಗೆ.

ಮರಿ ಬಂದಿದ್ದು ಬೆಂಗಳೂರಿಂದ, ರಾತ್ರಿ ಬಸ್ಸಲ್ಲಿ ಪಾರ್ಸಲ್. ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು. ಅಷ್ಟೊತ್ತು ಕಟ್ಟಿಟ್ಟ ಕವರಲ್ಲಿ ಮೀನು ಬಿಟ್ಟ ಅಮೋನಿಯ ತುಂಬಿರತ್ತೆ, ಜೊತೆಗೆ ಅದು ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡೂ ಸೇರಿ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) ಇಳಿದಿರತ್ತೆ, ಪಿಎಚ್ ಕಮ್ಮಿ ಇರೋವರ್ಗೂ ಆ ಅಮೋನಿಯ ಅಷ್ಟು ವಿಷ ಅಲ್ಲ. ಕವರ್ ಬಿಚ್ಚಿ ಗಾಳಿ ಆಡಿದ ತಕ್ಷಣ ಪಿಎಚ್ ಏರತ್ತೆ, ಅದೇ ಅಮೋನಿಯ ಕೊಲ್ಲೋಕೆ ಶುರು ಮಾಡತ್ತೆ. ಅದಕ್ಕೇ ದೂರದಿಂದ ಬಂದ ಮೀನಿಗೆ ಕವರ್ ನೀರಿಗೆ ಗಂಟೆಗಟ್ಲೆ ಹನಿ ಹನಿಯಾಗಿ ಟ್ಯಾಂಕ್ ನೀರು ಬಿಡೋ ಪದ್ಧತಿ ನಂಗೆ ಸರಿ ಕಾಣಲ್ಲ. ಕಟ್ಟಿದ ಕವರನ್ನ ಹಾಗೇ ನೀರ ಮೇಲೆ ತೇಲಿಸಿ ಬಿಸಿ ಸಮ ಮಾಡ್ದೆ, ಬಿಚ್ಚಿದ್ಕೂಡ್ಲೇ ಬಲೆಯಲ್ಲಿ ಎತ್ತಿ ಮರಿನ ಬೇರೆ ಟಬ್ಬಿಗೆ ಹಾಕ್ದೆ, ಕವರ್ ನೀರು ಚೆಲ್ಲಿದೆ.

ಟಬ್ಬಿನ ನೀರು ಮೊದ್ಲೇ ರೆಡಿ ಇತ್ತು. ನಮ್ಮ ಮಲೆನಾಡಿನ ಬಾವಿ ನೀರು ತುಂಬ ಮೆದು, ಮರಿ ಮಾರಿದ ಬೆಂಗಳೂರಿನವ್ರದ್ದು ಬೋರ್‌ವೆಲ್ ನೀರು, ಗಡಸು. ಅವರ ಹತ್ರ ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಅಳತೆ) ಕೇಳಿ, ಪಕ್ಕದ ಮನೆ ಬೋರ್ ನೀರು ಬೆರೆಸಿ ಅದರ ಹತ್ತಿರಕ್ಕೆ ತಂದಿಟ್ಟಿದ್ದೆ, ಆಮೇಲೆ ನೀರು ಬದಲಿಸುವಾಗೆಲ್ಲ ಬಾವಿ ನೀರು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಬಂದೆ. ನಾಲ್ಕು ವಾರ ಹೊತ್ತಿಗೆ ದೊಡ್ಡ ಟ್ಯಾಂಕಿನ ನೀರಿಗೆ ಹೊಂದಿದ್ವು, ಬಿಳಿ ಚುಕ್ಕೆ ರೋಗ ಇಲ್ಲ ಅನ್ನೋದೂ ಖಾತ್ರಿ ಆಯ್ತು, ಮೈನೂ ಬಿಟ್ವು. ಮಳೆಗಾಲ ಆಗಿದ್ರಿಂದ ಹೀಟರ್ 27 ಡಿಗ್ರಿಗೆ ಇಟ್ಟಿದ್ದೆ, ಕರೆಂಟ್ ಹೋದ್ರೆ ಟಬ್ಬಿಗೆ ಕಂಬಳಿ ಸುತ್ತೋದು, ಬ್ಯಾಟರಿ ಏರ್ ಪಂಪ್ ಹಾಕೋದು.

ಆಮೇಲೆ ದೊಡ್ಡ ಟ್ಯಾಂಕಲ್ಲೇ ಒಂದು ಪಕ್ಕ ಪ್ಲಾಸ್ಟಿಕ್ ಜಾಲರಿ ಅಡ್ಡ ಕಟ್ಟಿ ಮರಿಗಳನ್ನ ಆ ಕಡೆ ಬಿಟ್ಟೆ. ಮೊದಮೊದ್ಲು ದೊಡ್ಡವು ಜಾಲರಿಗೆ ಮೂತಿ ಗುದ್ದೋವು, ಬರ್ತಾ ಬರ್ತಾ ಆ ಕಡೆ ತಿರುಗಿ ನೋಡೋದೇ ಬಿಟ್ವು. ಜಾಲರಿ ತೆಗೀಬೇಕು ಅನ್ನೋ ಹೊತ್ತಿಗೆ ಜೋಡಿ ಅಮೆಜಾನ್ ಸ್ವೋರ್ಡ್ ಅನ್ನೋ ಗಿಡದ ಎಲೆ ಮೇಲೆ ಮೊಟ್ಟೆ ಇಡ್ತು, ಕೆಲ್ಸ ಮುಂದೆ ಹಾಕ್ದೆ. ಮೊಟ್ಟೆ ಕಾಯೋ ಏಂಜಲ್ ಹತ್ರ ಯಾವ ಮೀನೂ ಸುಳಿಯೋ ಹಾಗಿಲ್ಲ, ಮರಿಗಳ ಕಥೆ ಕೇಳೋದೇ ಬೇಡ.

ಜಾಲರಿ ತೆಗೆದ ದಿನ ಸಂಜೆ ದೊಡ್ಡವಕ್ಕೆ ಹೊಟ್ಟೆ ತುಂಬ ಹಾಕಿ, ಮರದ ತುಂಡು, ಕಲ್ಲು, ಗಿಡ ಎಲ್ಲಾ ಕಿತ್ತು ಬೇರೆ ಕಡೆ ಇಟ್ಟೆ. ಹೀಗೆ ಮಾಡಿದ್ರೆ ಹಳಬರಿಗೂ ಟ್ಯಾಂಕ್ ಹೊಸದಾಗತ್ತೆ, ಕಾಯೋಕೆ ಜಾಗನೇ ಗುರುತು ಸಿಗಲ್ಲ. ಕಲ್ಲು ಜೋಡಿಸುವಾಗ ಎದುರು ಬದುರು ಪೂರ್ತಿ ಕಾಣದ ಹಾಗೆ ನೋಡ್ಕೊಂಡೆ. ಆರೂ ಮರಿನ ಒಟ್ಟಿಗೇ ಬಿಟ್ಟೆ, ಒಂದೊಂದೇ ಬಿಟ್ರೆ ಸಿಟ್ಟೆಲ್ಲ ಅದೊಂದ್ರ ಮೇಲೇ ಬೀಳತ್ತೆ. ಲೈಟ್ ಮಾರನೇ ದಿನವೇ ಹಾಕಿದ್ದು.

ಅಟ್ಟಿಸೋದು ಇದ್ದೇ ಇರತ್ತೆ, ಅದಕ್ಕೆ ಗಾಬರಿ ಬೇಡ. ನೋಡ್ಬೇಕಾದ್ದು ರೆಕ್ಕೆ ಹರಿದಿದ್ಯಾ, ರೆಕ್ಕೆ ಮಡಚ್ಕೊಂಡು ಹೀಟರ್ ಹಿಂದೆ ನಿಂತಿದ್ಯಾ, ಊಟಕ್ಕೆ ಬರ್ತಿದ್ಯಾ ಅಂತ. ಊಟ ಟ್ಯಾಂಕಿನ ಎರಡು ತುದಿಲೂ ಹಾಕ್ತೀನಿ. ಜೋಡಿಯ ಗಂಡು ಒಂದು ಮರಿನ ಬಿಡ್ಲೇ ಇಲ್ಲ. ಮರಿನ ತೆಗೆದಿಟ್ರೆ ವಾಪಸ್ ಬಂದಾಗ ಅದು ಮತ್ತೆ ಹೊಸಬ ಆಗತ್ತೆ ಅಂತ ಗಂಡನ್ನೇ ಟಬ್ಬಿಗೆ ಹಾಕಿ ಕೆಲವು ದಿನ ಇಟ್ಟೆ, ವಾಪಸ್ ಬಿಟ್ಟಾಗ ಮರಿಗಳು ಟ್ಯಾಂಕ್ ತುಂಬ ಓಡಾಡ್ತಿದ್ವು, ಗಂಡೇ ಒಂದಿಷ್ಟು ಹೊತ್ತು ಗಿಡದ ಹಿಂದೆ ನಿಂತಿತ್ತು. ಮರಿಗಳು ದೊಡ್ಡವಾಗಿ ಜೋಡಿ ಕಟ್ಟಿದ್ರೆ ಈ ಟ್ಯಾಂಕ್ ಸಾಕಾಗಲ್ಲ, ಇನ್ನೊಂದಕ್ಕೆ ಸ್ಟ್ಯಾಂಡ್ ಅಳತೆ ಕೊಟ್ಟು ಬಂದಿದೀನಿ.