12 ಮೆಗಾಪಿಕ್ಸೆಲ್ಲೋ 24 ಮೆಗಾಪಿಕ್ಸೆಲ್ಲೋ: ಪ್ರಿಂಟ್ ಹಾಕಿಸಿ ನೋಡಿದೆ

ಮದುವೆ ಆರ್ಡರ್ ಕೊಡೋಕೆ ಬಂದವರು ಈಗ ಮೊದಲು ಕೇಳುವುದೇ "ಸಾರ್, ನಿಮ್ಮ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್?" ಅಂತ. ನನ್ನ ನಿಕಾನ್ ಡಿ700 ಬರೀ 12 ಎಂದರೆ ಮುಖ ಸಪ್ಪಗಾಗುತ್ತದೆ. ಅವರ ಜೇಬಿನ ಫೋನೇ 108 ಅಲ್ವಾ! ಆ ಫೋನು ಮಾಮೂಲಿಯಾಗಿ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ, ಕೊನೆಗೆ 12 ಮೆಗಾಪಿಕ್ಸೆಲ್ ಫೋಟೋನೇ ಕೊಡುತ್ತದೆ. ಅದು ಬೇರೆ ಮಾತು.

ನನ್ನ ಹತ್ತಿರ 24 ಮೆಗಾಪಿಕ್ಸೆಲ್‌ನ ಡಿ3200 ಕೂಡ ಇದೆ. ಛತ್ರದ ಒಳಕೋಣೆಯ ಮಂಕು ಬೆಳಕಲ್ಲಿ ಒಂದು ಜರಿ ಸೀರೆ, ಪಕ್ಕದಲ್ಲಿ ಒಂದು ಕಪ್ಪು ಕೋಟು ನೇತುಹಾಕಿ ಎರಡರಲ್ಲೂ ತೆಗೆದೆ. ಟ್ರೈಪಾಡ್, ಅದೇ 50 ಎಂಎಂ ಲೆನ್ಸ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, ಫ್ಲ್ಯಾಶ್ ಇಲ್ಲ. ಫ್ರೇಮ್ ಒಂದೇ ಥರ ಬರಲಿ ಅಂತ ಡಿ3200 ಇಟ್ಟಾಗ ಸ್ವಲ್ಪ ಹಿಂದೆ ಸರಿದೆ.

ಕಂಪ್ಯೂಟರ್‌ನಲ್ಲಿ ನೂರು ಪರ್ಸೆಂಟ್ ಝೂಮ್ ಮಾಡಿ ಹೋಲಿಸಲಿಲ್ಲ. ಹಾಗೆ ಮಾಡಿದರೆ 24ರ ಫೈಲನ್ನು ಜಾಸ್ತಿ ಹಿಗ್ಗಿಸಿ ನೋಡಿದಂತೆ, ಅದಕ್ಕೆ ಅನ್ಯಾಯ. ಲ್ಯಾಬ್‌ಗೆ ಕೊಟ್ಟು ಎರಡನ್ನೂ 12x18 ಇಂಚಿಗೆ ಪ್ರಿಂಟ್ ಹಾಕಿಸಿದೆ. ನಮ್ಮ ಆಲ್ಬಂನ ಒಂದು ಪುಟ ಅಷ್ಟೇ ತಾನೇ. ಆ ಅಳತೆಯಲ್ಲಿ 12 ಮೆಗಾಪಿಕ್ಸೆಲ್ ಫೈಲಿಗೆ ಇಂಚಿಗೆ ಸುಮಾರು 236 ಪಿಕ್ಸೆಲ್ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡಲು ಧಾರಾಳ.

ಜರಿಯ ಎಳೆಗಳು 24ರಲ್ಲಿ ತುಸು ಚೊಕ್ಕವಾಗಿದ್ದವು, ನಿಜ. ಆದರೆ ಕಣ್ಣು ಪ್ರಿಂಟಿಗೆ ತಾಗುವಷ್ಟು ಬಗ್ಗಿ ನೋಡಬೇಕು. ಸಂಖ್ಯೆ ಎರಡು ಪಟ್ಟಾದರೂ ಉದ್ದದಲ್ಲಿ 4256 ಪಿಕ್ಸೆಲ್ ಹೋಗಿ 6016 ಆಗುತ್ತದೆ, ಒಂದೂವರೆ ಪಟ್ಟೂ ಇಲ್ಲ. ಕೋಟಿನ ಕಥೆ ಉಲ್ಟಾ. ಡಿ3200ರ ಪ್ರಿಂಟಿನಲ್ಲಿ ಕಪ್ಪು ಬಟ್ಟೆಯ ಮೇಲೆ ಕೆಂಪು, ನೇರಳೆ ಚುಕ್ಕಿಗಳು, ರಾಗಿ ಚೆಲ್ಲಿದ ಹಾಗೆ. ಡಿ700ರಲ್ಲಿ ಮಡಿಕೆ, ಹೊಲಿಗೆ ಎಲ್ಲ ನೀಟಾಗಿ ಕಾಣುತ್ತಿತ್ತು. ಡಿ700ರ ಸೆನ್ಸರ್ (ಬೆಳಕು ಹಿಡಿಯುವ ಚಿಪ್) 36x24 ಎಂಎಂ, ಡಿ3200ರದು 23.2x15.4. ವಿಸ್ತೀರ್ಣ ಸುಮಾರು 2.4 ಪಟ್ಟು, ಬೀಳುವ ಬೆಳಕೂ ಅಷ್ಟೇ ಪಟ್ಟು. ಮುಹೂರ್ತದ ಹೊತ್ತಿಗೆ ನನಗೆ ಬೇಕಿರುವುದು ಅದೇ.

ಹಾಗಂತ 24 ದಂಡ ಅಲ್ಲ. ರಂಗನತಿಟ್ಟಿಗೆ ಹೊರಟರೆ ನಾನು ತಗೊಳ್ಳುವುದು ಡಿ3200ನೇ. ಬಿಸಿಲು ಚೆನ್ನಾಗಿರುತ್ತದೆ, ಹಕ್ಕಿ ದೂರ ಇರುತ್ತದೆ, ಕ್ರಾಪ್ ಮಾಡಲೇಬೇಕು. ಅದೇ ಲೆನ್ಸ್ ಹಾಕಿ ಡಿ700 ಫೋಟೋವನ್ನು ಅಷ್ಟೇ ಚೌಕಟ್ಟಿಗೆ ಕತ್ತರಿಸಿದರೆ ಉಳಿಯುವುದು ಬರೀ 5 ಮೆಗಾಪಿಕ್ಸೆಲ್. ಡಿ3200ರಲ್ಲಿ ಪೂರಾ 24 ಇರುತ್ತದೆ, ಬಣ್ಣದ ಕೊಕ್ಕರೆಯ ಗರಿ ಗರಿ ಎಣಿಸಬಹುದು.