ಪಿಷ್ಟದ ಹಾಳೆ: ಗ್ಲಿಸರಾಲ್ ಎಷ್ಟು, ಜೇಡಿ ಎಷ್ಟು

ಮೆಕ್ಕೆಜೋಳದ ಪಿಷ್ಟವನ್ನು ನೀರಲ್ಲಿ ಕದಡಿ, ಕಲಕುತ್ತಲೇ 85–90 ಡಿಗ್ರಿಗೆ ಬಿಸಿ ಮಾಡಿ, ಗಂಜಿಯಾದ ಮೇಲೆ ತಟ್ಟೆಗೆ ಸುರಿದು ಒಣಗಿಸಿ ತೆಳು ಹಾಳೆ ಮಾಡುತ್ತೇನೆ. ಬರೀ ಪಿಷ್ಟವಾದರೆ ಹಾಳೆ ಏಳಿಸುವಾಗಲೇ ಹಪ್ಪಳದಂತೆ ಚೂರಾಗುತ್ತದೆ. ಅದಕ್ಕೇ ಪಿಷ್ಟದ ತೂಕದ 30% ಗ್ಲಿಸರಾಲ್ ಎಂಬ ಮಂದ ದ್ರವ. ಅದರ ಪುಟ್ಟ ಅಣುಗಳು ಪಿಷ್ಟದ ಸರಪಳಿಗಳ ನಡುವೆ ನುಸುಳಿ ಹೈಡ್ರೋಜನ್ ಬಂಧ ಸಡಿಲಿಸುತ್ತವೆ, ಹಾಳೆ ಮಡಚಿದರೂ ಮುರಿಯುವುದಿಲ್ಲ. ಆದರೆ ಗಟ್ಟಿತನ ಇಳಿಯುತ್ತದೆ, ನೀರಾವಿಯೂ ಸಲೀಸಾಗಿ ದಾಟುತ್ತದೆ. ತೀರಾ ಕಡಿಮೆ ಹಾಕಿದರೆ ಉಲ್ಟಾ ಪರಿಣಾಮ: ಹಾಳೆ ಇನ್ನಷ್ಟು ಪೆಡಸಾಗುವುದುಂಟು.

ಹೋದ ಗಟ್ಟಿತನ ವಾಪಸ್ ತರಲು ಪದರ ಪದರವಾಗಿರುವ ಮಾಂಟ್‌ಮೊರಿಲೋನೈಟ್ ಎಂಬ ಜೇಡಿಮಣ್ಣು ಬಳಸುತ್ತೇನೆ. ಪಿಷ್ಟಕ್ಕೆ ನೀರಿನ ಒಲವು ಇರುವುದರಿಂದ ನೀರಿಗೆ ಒಲಿಯುವ ಸೋಡಿಯಂ ಬಗೆಯದ್ದೇ ಸರಿ. ಇದರ ಒಂದೊಂದು ಪದರ ಸುಮಾರು 1 ನ್ಯಾನೋಮೀಟರ್ ದಪ್ಪ. ಪದರಗಳು ಬಿಡಿಬಿಡಿಯಾಗಿ ಹರಡಿದರೆ ನೀರಾವಿ ಸುತ್ತಿ ಬಳಸಿ ಹೋಗಬೇಕು.

ತಕರಾರು ಇಲ್ಲೇ. ಪದರಗಳ ಸಂದಿಗೆ ಪಿಷ್ಟಕ್ಕಿಂತ ಮೊದಲು ಗ್ಲಿಸರಾಲ್ ನುಗ್ಗಿಬಿಡಬಹುದು. ಪದರಗಳ ಅಂತರ ತೋರಿಸುವ ಎಕ್ಸ್-ರೇ ಚಿತ್ರದಲ್ಲಿ 7 ಡಿಗ್ರಿ ಕೋನದ ಹತ್ತಿರದ ಶಿಖರ 5ರ ಕಡೆ ಸರಿದರೆ, ಅಂದರೆ ಆ ಅಂತರ 1.2ರಿಂದ 1.8 ನ್ಯಾನೋಮೀಟರ್ ಆಸುಪಾಸಿಗೆ ಹಿಗ್ಗಿದರೆ, ಪಿಷ್ಟ ಒಳಗೆ ಹೋಯಿತೆಂದು ಹಿಗ್ಗುವವರೇ ಹೆಚ್ಚು. ಗ್ಲಿಸರಾಲ್ ಒಂದೇ ಹೋದರೂ ಚಿತ್ರ ಹೀಗೇ ಕಾಣುತ್ತದೆ! ಸಂದಿಯಲ್ಲಿ ಸಿಕ್ಕಿಕೊಂಡ ಗ್ಲಿಸರಾಲ್ ಹಾಳೆಯನ್ನೂ ಮೆದುವಾಗಿಸದು. ಹಾಗಾಗಿ ಜೇಡಿಯನ್ನು ರಾತ್ರಿಯಿಡೀ ಬರೀ ನೀರಲ್ಲಿ ನೆನೆಸಿ, ಅಲ್ಟ್ರಾಸಾನಿಕ್ ಅಲೆಗಳಿಂದ ಪದರ ಬಿಡಿಸಿ, ಬಿಸಿ ಗಂಜಿಗೆ ಬೆರೆಸುತ್ತೇನೆ, ಗ್ಲಿಸರಾಲ್ ಕೊನೆಗೆ.

ಜೇಡಿ 3% ಸಾಕು. 5 ದಾಟಿದರೆ ಪದರಗಳು ಗುಂಪುಗೂಡುತ್ತವೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಮಬ್ಬು ಚುಕ್ಕೆಗಳು ಕಾಣುತ್ತವೆ, ಎಳೆದಾಗ ಹರಿಯುವುದು ಅಲ್ಲಿಂದಲೇ.

ಎಲ್ಲಕ್ಕಿಂತ ಹೆಚ್ಚು ಆಟ ಆಡಿಸುವುದು ಹವೆಯ ತೇವ. ನೀರೂ ಪಿಷ್ಟವನ್ನು ಮೆದುವಾಗಿಸುತ್ತದೆ. ಮಳೆಗಾಲದಲ್ಲಿ ಅದೇ ಹಾಳೆ ರಬ್ಬರಿನ ಗುಣ ತೋರುತ್ತದೆ, ಬೇಸಿಗೆಯಲ್ಲಿ ಪಟ್ಟೆಂದು ಹರಿಯುತ್ತದೆ. ಪರೀಕ್ಷೆಗೆ ಮುನ್ನ ಮೆಗ್ನೀಸಿಯಂ ನೈಟ್ರೇಟಿನ ಪರ್ಯಾಪ್ತ ದ್ರಾವಣವಿರುವ ಡೆಸಿಕೇಟರಿನಲ್ಲಿ (ಗಾಳಿಯಾಡದ ಮುಚ್ಚಿದ ಪಾತ್ರೆಯಲ್ಲಿ) ಹಾಳೆ ಇಡುತ್ತೇನೆ, 25 ಡಿಗ್ರಿಯಲ್ಲಿ ಅದು ತೇವವನ್ನು 53% ಹತ್ತಿರ ನಿಲ್ಲಿಸುತ್ತದೆ. ದಿನ ಕಳೆದಂತೆ ಪಿಷ್ಟದ ಸರಪಳಿಗಳು ಮತ್ತೆ ಹರಳುಗಟ್ಟಿ ಹಾಳೆ ಬಿರುಸಾಗುವುದರಿಂದ ವಯಸ್ಸನ್ನೂ ಬರೆದಿಡುತ್ತೇನೆ. ತೇವ, ವಯಸ್ಸು ನಮೂದಿಸದ ಅಂಕಿ ಯಾರು ತಂದರೂ ನನ್ನ ಅಂಕಿಯ ಪಕ್ಕ ಇಟ್ಟು ಹೋಲಿಸುವುದಿಲ್ಲ.