ಕಾಫಿ ತೋಟದ ದತ್ತಾಂಶ ಮತ್ತು ಒಂದು ದೂರು: ನನ್ನ ಅನುಭವ

ಕೊಡಗಿನ ಕಾಫಿ ತೋಟಗಳಲ್ಲಿ ಜೇನುನೊಣಗಳ ಪರಾಗಸ್ಪರ್ಶವನ್ನು ಅಧ್ಯಯನ ಮಾಡುವ ಒಂದು ಅಂತರರಾಷ್ಟ್ರೀಯ ತಂಡಕ್ಕೆ ನಾನು ಕ್ಷೇತ್ರ ಸಂಯೋಜಕಿ. ತಂಡದಲ್ಲಿ ಹಲವು ದೇಶಗಳ ವಿಶ್ವವಿದ್ಯಾಲಯಗಳವರಿದ್ದಾರೆ. ತೋಟದೊಳಗೆ ನಿಂತು ಹೂವಿಗೆ ಬರುವ ತುಡುವೆ, ಹೆಜ್ಜೇನು, ಮುಜಂಟಿಗಳನ್ನು ಎಣಿಸುವವರು ಮಾತ್ರ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆಯ ಯುವಕ ಯುವತಿಯರು. ತಂಡದ ನೀತಿ ಸಂಹಿತೆಯ ಪ್ರಕಾರ ಈ ಭಾಗದ ದೂರುಗಳನ್ನು ಸ್ವೀಕರಿಸುವ ಹೊಣೆಯೂ ನನ್ನದೇ. ಎಣಿಸದೆಯೇ ಅಂಕಿ ಬರೆಯಲಾಗಿದೆ ಎಂಬ ದೂರು ಬಂದಾಗ ಅದನ್ನು ಹೇಗೆ ದಾಖಲಿಸಿದೆ, ಯಾರಿಗೆ ಮುಟ್ಟಿಸಿದೆ, ಯಾವುದು ಕೊನೆಗೆ ಕೆಲಸಕ್ಕೆ ಬಂತು ಎಂಬುದನ್ನು ಬರೆಯುತ್ತಿದ್ದೇನೆ. ವ್ಯಕ್ತಿಗಳ ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮೊದಲು ತೋಟದ ವಿಷಯ ಸ್ವಲ್ಪ ಹೇಳಬೇಕು. ರೊಬಸ್ಟಾ ಜಾತಿಯ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಗಾಳಿಯಿಂದಲೋ ನೊಣಗಳಿಂದಲೋ ಬರಬೇಕು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂ ಅರಳಿಸುವ ಮಳೆ, ಅಂದರೆ ಹೂಮಳೆ, ಬಿದ್ದು ವಾರದಿಂದ ಹತ್ತು ದಿನದೊಳಗೆ ಹೂ ಅರಳುತ್ತದೆ, ಎರಡು ಮೂರು ದಿನಗಳಲ್ಲಿ ಬಾಡುತ್ತದೆ. ಮಳೆ ಬಾರದಿದ್ದರೆ ನೀರಿರುವವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಹೂಮಳೆ ಎಲ್ಲ ತೋಟಕ್ಕೂ ಒಂದೇ ದಿನ ಬೀಳುವುದಿಲ್ಲ. ಅಮ್ಮತ್ತಿಯಲ್ಲಿ ಸುರಿದದ್ದು ಪಾಲಿಬೆಟ್ಟದಲ್ಲಿ ನೆಲವನ್ನೂ ನೆನೆಸದೆ ಹೋಗಬಹುದು. ಹೀಗಾಗಿ ನಮ್ಮ ಎಣಿಕೆಯ ದಿನಗಳು ತೋಟದಿಂದ ತೋಟಕ್ಕೆ ಬೇರೆಬೇರೆಯಾಗಿರುವುದೇ ಸಹಜ.

ತಂಡದ ಹಿರಿಯ ಸಂಶೋಧಕರೊಬ್ಬರು ಹಂಚಿದ ಕಡತದಲ್ಲಿ ಅದು ಹಾಗಿರಲಿಲ್ಲ. ದತ್ತಾಂಶವನ್ನು ಕಂಪ್ಯೂಟರ್‌ಗೆ ಏರಿಸಲು ನೆರವಾಗುತ್ತಿದ್ದ ಕ್ಷೇತ್ರ ಸಹಾಯಕನೊಬ್ಬ ಅದನ್ನು ಗಮನಿಸಿ, ಒಂದು ಸಂಜೆ ಕಚೇರಿಯಲ್ಲಿ ಬೇರೆ ಯಾರೂ ಇಲ್ಲದಿದ್ದಾಗ ಬಂದ. "ಮೇಡಂ, ಇವರು ಬರೆದಿರುವ ದಿನ ಆ ತೋಟದಲ್ಲಿ ಹೂವೇ ಬಿಟ್ಟಿರಲಿಲ್ಲ. ಮೊಗ್ಗು ಇನ್ನೂ ಹಸಿರಾಗಿಯೇ ಇತ್ತು," ಎಂದ. ಜೇಬಿನಿಂದ ತೆಗೆದ ಸಣ್ಣ ಪುಸ್ತಕದಲ್ಲಿ, ತನ್ನ ಕೂಲಿ ಮತ್ತು ಬಸ್ಸಿನ ಲೆಕ್ಕದ ನಡುವೆ, ಆ ದಿನಾಂಕದ ಎದುರು ಪೆನ್ಸಿಲಿನಲ್ಲಿ "ಹೂ ಇಲ್ಲ. ವಾಪಸ್." ಎಂದು ಬರೆದಿತ್ತು. ಆಮೇಲೆ ಅವನು ಕೇಳಿದ್ದು ವಿಜ್ಞಾನದ ಪ್ರಶ್ನೆಯನ್ನಲ್ಲ: "ನನ್ನ ಹೆಸರು ಬಂದರೆ ಮುಂದಿನ ಸೀಸನ್‌ಗೆ ಕರೆಯುತ್ತಾರಾ?"

ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಕನ್ನಡದಲ್ಲಿ ಬರೆದುಕೊಂಡು, ಓದಿ ಹೇಳಿ, ತಿದ್ದುಪಡಿ ಮಾಡಿಸಿ ಸಹಿ ಹಾಕಿಸಿಕೊಂಡೆ. ಹಾಳೆಯ ಒಂದು ಕಡೆ ಕಣ್ಣಾರೆ ಕಂಡದ್ದು, ಇನ್ನೊಂದು ಕಡೆ ಊಹಿಸಿದ್ದು. ವಂಚನೆ, ಮೋಸ ಎಂಬ ಪದಗಳನ್ನು ಎಲ್ಲಿಯೂ ಬಳಸಲಿಲ್ಲ, ಏಕೆಂದರೆ ಉದ್ದೇಶವನ್ನು ತೀರ್ಮಾನಿಸುವುದು ದೂರುದಾರನ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ. ಅಮೆರಿಕದ ಸರ್ಕಾರ 2000ದಲ್ಲಿ ಹೊರಡಿಸಿದ, ಈಗ ಬೇರೆ ಕಡೆಗಳಲ್ಲೂ ಬಳಕೆಯಲ್ಲಿರುವ ವ್ಯಾಖ್ಯಾನದ ಪ್ರಕಾರ ಸಂಶೋಧನಾ ದುರ್ನಡತೆ ಎಂದರೆ ಇಲ್ಲದ ದತ್ತಾಂಶವನ್ನು ಸೃಷ್ಟಿಸುವುದು, ಇರುವುದನ್ನು ತಿರುಚುವುದು ಮತ್ತು ಕೃತಿಚೌರ್ಯ. ಪ್ರಾಮಾಣಿಕ ತಪ್ಪು ಮತ್ತು ಅಭಿಪ್ರಾಯ ಭೇದ ಅದರಲ್ಲಿ ಸೇರುವುದಿಲ್ಲ. ದಿನಾಂಕ ಬರೆಯುವಾಗ ಸಾಲು ತಪ್ಪಿದ್ದರೆ ಅದು ತಪ್ಪು ಅಷ್ಟೇ. ಆದ್ದರಿಂದ ನಿರ್ದೋಷ ಕಾರಣವೇನಾದರೂ ಇರಬಹುದೇ ಎಂದು ಹುಡುಕುವುದು ನನ್ನ ಮೊದಲ ಕೆಲಸವಾಯಿತು.

ಇಲ್ಲಿ ನೆರವಿಗೆ ಬಂದದ್ದು ತೋಟದ ಮಳೆ ಪುಸ್ತಕ. ಕೊಡಗಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್‌ನಲ್ಲಿ ಬರೆಯುತ್ತಾರೆ. ನೂರು ಸೆಂಟ್‌ಗೆ ಒಂದು ಇಂಚು. ಅಳತೆ ಮಾಡಿ ಬರೆಯುವ ರೈಟರ್‌ಗೆ, ಅಂದರೆ ತೋಟದ ಗುಮಾಸ್ತನಿಗೆ, ನಮ್ಮ ಸಂಶೋಧನೆಯ ಫಲಿತಾಂಶ ಏನಾದರೂ ಆಗಲಿ, ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪ್ರಶ್ನೆಯಲ್ಲಿದ್ದ ತೋಟದ ಪುಸ್ತಕ ತೆರೆದಾಗ ಮಾರ್ಚ್ ಮೊದಲ ವಾರವಿಡೀ ಸೊನ್ನೆ, 11ನೇ ತಾರೀಖಿನ ಎದುರು "1 ಇಂಚು 15 ಸೆಂಟ್", ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಹೂಮಳೆ". ಕಡತದ ಪ್ರಕಾರ 9ರಂದೇ ಅಲ್ಲಿ ಹೂ ಪೂರ್ತಿ ಅರಳಿ ನೊಣಗಳು ಬಂದು ಹೋಗಿದ್ದವು. ಸ್ಪ್ರಿಂಕ್ಲರ್ ಹಾಕಿದ್ದರೇ ಎಂದು ಪಂಪ್‌ಸೆಟ್ಟಿನ ಡೀಸೆಲ್ ಪುಸ್ತಕವನ್ನೂ ನೋಡಿದೆ. ಆ ವರ್ಷ ಫೆಬ್ರವರಿಯಲ್ಲಿ ಡೀಸೆಲ್ ಖರ್ಚಾಗಿರಲಿಲ್ಲ. ಇನ್ನು ಕಡತದಲ್ಲೇ, ಎರಡು ಬೇರೆ ತೋಟಗಳ ಎಣಿಕೆಯ ಅಂಕಿಗಳು ಮೊದಲಿನಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ಮರುಕಳಿಸಿದ್ದವು.

ಪುಸ್ತಕ ನೋಡಲು ಅನುಮತಿ ಕೇಳುವಾಗ ಮಾಲೀಕರಿಗೆ "ಹೂವಿನ ದಿನಾಂಕಗಳನ್ನು ತಾಳೆ ನೋಡಬೇಕಿದೆ" ಎಂದಷ್ಟೇ ಹೇಳಿದೆ. ಅದು ನಿಜವೇ ಆಗಿತ್ತು, ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ನನಗಿರಲಿಲ್ಲ. ನಮ್ಮದು ಸಣ್ಣ ಜಿಲ್ಲೆ. ಸಂತೆ ದಿನ ಗೋಣಿಕೊಪ್ಪದಲ್ಲಿ ಆಡಿದ ಮಾತು ಸಂಜೆಯೊಳಗೆ ವಿರಾಜಪೇಟೆ ಮುಟ್ಟುತ್ತದೆ. ಆರೋಪ ಹೊತ್ತವರ ಮಾನವೂ, ದೂರು ಕೊಟ್ಟವನ ಅನ್ನವೂ ಆ ಮಾತಿನ ಮೇಲೆ ನಿಂತಿರುತ್ತವೆ.

ಸಾಮಾನ್ಯವಾಗಿ ಅನುಮಾನ ಬಂದರೆ ಸಂಬಂಧಪಟ್ಟವರನ್ನೇ ನೇರವಾಗಿ ಕೇಳುವುದು ಒಳ್ಳೆಯದು, ಅರ್ಧಕ್ಕರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಈ ಬಾರಿ ಮಾತ್ರ ನಾನು ಕೇಳಲಿಲ್ಲ, ಏಕೆಂದರೆ ಮೂಲ ಹಾಳೆಗಳು ಅವರ ಕೈಗೆ ಎಟಕುವಲ್ಲಿದ್ದವು. ದತ್ತಾಂಶ ನೋಡಿಕೊಳ್ಳುವವರಿಗೆ ಹೇಳಿ ಸರ್ವರ್‌ನಲ್ಲಿದ್ದ ಕಡತದ ತಿದ್ದಲಾಗದ ಪ್ರತಿಯೊಂದನ್ನು ತೆಗೆಸಿದೆ. ಕಾಗದದ ಹಾಳೆಗಳಿಗೆ ಪುಟಸಂಖ್ಯೆ ಹಾಕಿ, ಸ್ಕ್ಯಾನ್ ಮಾಡಿ, ಲಕೋಟೆಗೆ ಇಬ್ಬರ ಸಹಿಯೊಂದಿಗೆ ಮುದ್ರೆ ಒತ್ತಿಸಿದೆ. ಲಕೋಟೆಯೊಳಗೆ ಸಿಲಿಕಾ ಜೆಲ್ ಹಾಕುವುದನ್ನು ಯಾವ ಅಂತರರಾಷ್ಟ್ರೀಯ ಕೈಪಿಡಿಯಲ್ಲೂ ನಾನು ಕಂಡಿಲ್ಲ, ಆದರೆ ಜೂನ್ ಕಳೆದ ಮೇಲೆ ಇಲ್ಲಿನ ಕಾಗದಕ್ಕೆ ಬೂಷ್ಟು ಹಿಡಿಯುವುದನ್ನು ನೋಡಿದವರಿಗೆ ಅದನ್ನು ಹೇಳಿಕೊಡಬೇಕಿಲ್ಲ.

ದೂರನ್ನು ಯಾರಿಗೆ ಕಳುಹಿಸಬೇಕು ಎಂಬುದರಲ್ಲಿ ತಂಡದೊಳಗೆ ಭಿನ್ನಾಭಿಪ್ರಾಯವಿತ್ತು. ಲೇಖನ ಕಳುಹಿಸಬೇಕೆಂದಿದ್ದ ನಿಯತಕಾಲಿಕಕ್ಕೇ ಬರೆಯೋಣ ಎಂದವರಿದ್ದರು. ನಿಯತಕಾಲಿಕಗಳ ಸಂಪಾದಕರಿಗಾಗಿ 1997ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಪ್ರಕಟಣಾ ನೈತಿಕತೆಯ ಸಮಿತಿ, ಅಂದರೆ ಕೋಪ್, ಕೊಟ್ಟಿರುವ ಮಾರ್ಗದರ್ಶನದ ತಿರುಳೇನೆಂದರೆ ಸಂಪಾದಕರು ತಾವೇ ತನಿಖಾಧಿಕಾರಿಗಳಾಗದೆ ಸಂಶೋಧಕರ ಸಂಸ್ಥೆಯನ್ನು ತನಿಖೆಗೆ ಕೋರಬೇಕು. ನಮ್ಮ ಲೇಖನವಂತೂ ಇನ್ನೂ ಸಲ್ಲಿಕೆಯೇ ಆಗಿರಲಿಲ್ಲ. ನಮ್ಮ ದೇಶದ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಕೃತಿಚೌರ್ಯದ ಹಂತಗಳನ್ನೂ ದಂಡನೆಯನ್ನೂ ಹೇಳುತ್ತದೆಯೇ ಹೊರತು ಇಂಥ ಪ್ರಕರಣಕ್ಕೆ ಒದಗುವುದಿಲ್ಲ. ಅಷ್ಟಕ್ಕೂ ಆ ಸಂಶೋಧಕರು ಇಲ್ಲಿನ ಸಂಸ್ಥೆಯವರಲ್ಲ. ಕೊನೆಗೆ ಅವರ ಮೂಲ ವಿಶ್ವವಿದ್ಯಾಲಯದ ಸಂಶೋಧನಾ ಪ್ರಾಮಾಣಿಕತೆಯ ಅಧಿಕಾರಿಗೆ ದೂರು ಕಳುಹಿಸಿ, ನಮ್ಮ ತಂಡದ ನೀತಿ ಸಮಿತಿಗೆ ಒಂದು ಪ್ರತಿ ಕೊಟ್ಟೆ. ಅವರೊಡನೆ ಲೇಖನ ಬರೆದಿದ್ದ ಸದಸ್ಯರು ಆ ಸಮಿತಿಯಿಂದ ಹೊರಗುಳಿದರು.

ಕಳುಹಿಸುವ ಮೊದಲೇ ಇನ್ನೊಂದು ಕೆಲಸ ಮುಗಿಸಿದ್ದೆ, ಮತ್ತು ಇಡೀ ಪ್ರಕರಣದಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವುದು ಅದನ್ನೇ. ಸಹಾಯಕನ ಸಂಬಳ ಆ ಸಂಶೋಧಕರ ಅನುದಾನದಿಂದ ಬರುತ್ತಿತ್ತು. ಅದನ್ನು ತಂಡದ ಸಾಮಾನ್ಯ ನಿಧಿಗೆ ವರ್ಗಾಯಿಸಿ, ಮುಂದಿನ ಹೂವಿನ ಕಾಲ ಮುಗಿಯುವವರೆಗಿನ ಕೆಲಸದ ಪತ್ರವನ್ನು ಅವನ ಕೈಗೆ ಕೊಡಿಸಿದೆ. ಸಂಶೋಧನಾ ಪ್ರಾಮಾಣಿಕತೆಯ ಕುರಿತ 2010ರ ಸಿಂಗಾಪುರ ಹೇಳಿಕೆಯಲ್ಲಿರುವ ಹದಿನಾಲ್ಕು ಹೊಣೆಗಳಲ್ಲಿ ಅನುಮಾನಾಸ್ಪದ ನಡತೆಯನ್ನು ವರದಿ ಮಾಡುವುದೂ ಒಂದು. ಸದುದ್ದೇಶದಿಂದ ವರದಿ ಮಾಡಿದವರನ್ನು ಕಾಪಾಡಬೇಕೆಂದೂ ಅದೇ ಹೇಳಿಕೆ ಹೇಳುತ್ತದೆ. ದಿನಗೂಲಿಯವನ ಮಟ್ಟಿಗೆ ಕಾಪಾಡುವುದು ಎಂದರೆ ತಿಂಗಳ ಕೊನೆಗೆ ಹಣ ಬರುವುದು, ಬೇರೇನಲ್ಲ.

ವಿಚಾರಣೆ ನಿಧಾನವಾಗಿ ನಡೆಯಿತು. ಸಹಾಯಕನನ್ನು ವಿಡಿಯೊ ಮೂಲಕ ಮಾತನಾಡಿಸಿದಾಗ ದುಭಾಷಿ ನಮ್ಮ ತಂಡದವರಾಗಿರಬಾರದೆಂದು ನಾನು ಪಟ್ಟು ಹಿಡಿದೆ. ಅವನು ಪೆನ್ಸಿಲಿನ ಪುಟವನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ. ಸಂಶೋಧಕರಿಗೂ ಉತ್ತರಿಸಲು ಪೂರ್ಣ ಅವಕಾಶವಿತ್ತು. ತಪ್ಪಿಹೋದ ದಿನಗಳಿಗೆ ಅಂದಾಜಿನ ಅಂಕಿಗಳನ್ನು ತುಂಬಿದ್ದೆ, ಅವು ಮೂಲ ಎಣಿಕೆಯೊಡನೆ ಬೆರೆತುಹೋದವು ಎಂಬುದು ಅವರ ವಿವರಣೆ. ವಿಚಾರಣೆ ನಡೆಸಿದ ಸಮಿತಿ ಅದನ್ನು ಒಪ್ಪಲಿಲ್ಲ. ಆ ಭಾಗದ ದತ್ತಾಂಶ ನಂಬಲರ್ಹವಲ್ಲವೆಂದು ತೆಗೆಸಿತು, ಲೇಖನ ನಿಂತಿತು. ಅವರ ಮೇಲೆ ಕೈಗೊಂಡ ಕ್ರಮವೇನೆಂದು ನಮಗೆ ತಿಳಿಸಲಿಲ್ಲ. ಆ ಗೋಪ್ಯತೆಯ ಬಗ್ಗೆ ನನಗೆ ತಕರಾರಿಲ್ಲ, ಆದರೆ ದೂರು ಕೊಟ್ಟವನಿಗೆ ಅವನು ಹೇಳಿದ್ದು ಸರಿಯೆಂದು ಕಂಡುಬಂತು ಎನ್ನುವುದನ್ನೂ ಹೇಳದಿರುವುದು ಸಲ್ಲದು. ಕೇಳಿ ಪಡೆದೆವು, ಆ ಪತ್ರ ಅವನಿಗೆ ಕನ್ನಡದಲ್ಲೇ ಬಂತು.

ಎಲ್ಲ ದೂರುಗಳನ್ನೂ ಇದೇ ದಾರಿಯಲ್ಲಿ ನಡೆಸಬಾರದು. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆ ಇದೆ, ಮೂರು ತಿಂಗಳ ಗಡುವಿದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ನಮ್ಮಂಥ ಕ್ಷೇತ್ರ ಕಚೇರಿಯಿಂದ ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು, ಮತ್ತು ವಿದೇಶಿ ಸಂಸ್ಥೆಯ ಸಂಹಿತೆ ಅದಕ್ಕೆ ಪರ್ಯಾಯವಲ್ಲ. ವಿದೇಶಿ ಸಂಶೋಧಕರು ನೊಣಗಳ ಮಾದರಿಯನ್ನು ಹೊರದೇಶಕ್ಕೆ ಒಯ್ಯುವ ಪ್ರಶ್ನೆ ಬಂದರೆ 2002ರ ಜೀವವೈವಿಧ್ಯ ಕಾಯ್ದೆಯನ್ನೂ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನೂ ಮರೆಯುವಂತಿಲ್ಲ.

ಈಗ ನಮ್ಮ ಎಣಿಕೆ ಹಾಳೆಯಲ್ಲಿ ತೋಟದ ಮಳೆ ಪುಸ್ತಕದ ದಿನಾಂಕಕ್ಕೆ ಒಂದು ಅಂಕಣವಿದೆ. ಹೂ ಇಲ್ಲದೆ ಮರಳಿದ ದಿನಕ್ಕೂ ಪೂರ್ತಿ ಕೂಲಿ ಇದೆ, ಇಲ್ಲದಿದ್ದರೆ ಆ ದಿನಗಳನ್ನು ತುಂಬುವ ಆಸೆ ಯಾರಿಗಾದರೂ ಹುಟ್ಟೀತು. ಬಗೆಹರಿಯದೆ ಉಳಿದಿರುವುದು ಧ್ವನಿಯಲ್ಲಿ ಕೊಡುವ ದೂರಿನ ವಿಷಯ. ಓದುಬರಹ ಕಡಿಮೆ ಇರುವ ಸಹಾಯಕರು ಫೋನಿನಲ್ಲಿ ಹೇಳಿ ಕಳುಹಿಸಿದ್ದನ್ನು ನಾನು ದೂರೆಂದೇ ನೋಂದಾಯಿಸುತ್ತೇನೆ. ನೀತಿ ಸಮಿತಿ ಸಹಿ ಮಾಡಿದ ಕಾಗದ ಬೇಕೆನ್ನುತ್ತದೆ. ಮುಂದಿನ ಹೂಮಳೆಗೆ ಮೊದಲು ಅದನ್ನು ಸಭೆಯಲ್ಲಿ ಮತ್ತೆ ಎತ್ತುವವಳಿದ್ದೇನೆ.